ಹೆಚ್ಚುವರಿ ಅಂಕ ಯಾರ ಕೈಗೆ ಎಟುಕುತ್ತದೆ?

ಪ್ರಶ್ನೆ: ನಾನು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿಯಲ್ಲಿ 46 ಮಕ್ಕಳಿದ್ದಾರೆ. ಅವರಿಗೆ ಹುರುಪು ಬರಲಿ ಅಂತ ಈ ವರ್ಷ ಒಂದು ಪದ್ಧತಿ ಶುರು ಮಾಡಿದೆ. ವಿಜ್ಞಾನದ ಮಾಡೆಲ್ ಮಾಡಿ ತಂದವರಿಗೆ 3 ಅಂಕ, ನೋಟ್ಸ್ ಅಚ್ಚುಕಟ್ಟಾಗಿ ಬರೆದವರಿಗೆ 1, ಒಂದು ದಿನವೂ ಶಾಲೆ ತಪ್ಪಿಸದವರಿಗೆ 1. ಈ ಐದನ್ನು ಆಂತರಿಕ ಅಂಕಕ್ಕೆ ಸೇರಿಸಿದ್ದೇನೆ. ಕಳೆದ ವಾರ ಒಬ್ಬ ಹುಡುಗಿಯ ತಂದೆ ಬಂದರು. ಅವಳಿಗೆ 20ಕ್ಕೆ 14 ಬಂದಿದೆ. ಪಕ್ಕದಲ್ಲಿ ಕೂರುವ ಹುಡುಗಿಗೆ ಆ ಐದೂ ಸೇರಿ 18. ಕಿರುಪರೀಕ್ಷೆಗಳಲ್ಲಿ ಇವಳೇ ಮುಂದೆ. "ಅಕ್ಕೋರ, ನನ್ನ ಮಗಳು ಶಾಣ್ಯಾಕಿ ಅದಾಳ ಅಂತ ನೀವ ಹೇಳಿದ್ರಿ. ಮತ್ತ ಅಂಕ ಯಾಕ ಕಡಿಮಿ ಬಂದಾವ್ರಿ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಈಗ ಮೆಣಸಿನಕಾಯಿ ಬಿಡಿಸುವ ಹಂಗಾಮು. ಶಾಲೆ ಬಿಟ್ಟ ಮೇಲೆ ಅವಳು ಹೊಲಕ್ಕೆ ಹೋಗುತ್ತಾಳೆ. ನಾಲ್ಕು ದಿನ ಶಾಲೆಗೂ ಬಂದಿಲ್ಲ. ಮಾಡೆಲ್ ಮಾಡಲಿಲ್ಲ. ನಾನು ತಪ್ಪು ಮಾಡಿದೆನಾ? ಅಂಕಗಳನ್ನು ಇನ್ನೂ ಆನ್‌ಲೈನ್‌ನಲ್ಲಿ ಏರಿಸಿಲ್ಲ. ಈಗ ಏನು ಮಾಡಲಿ?

ಉತ್ತರ: ಮೇಡಂ, ಆ ತಂದೆ ಕೇಳಿದ ಪ್ರಶ್ನೆಯನ್ನು ನೀವು ತಳ್ಳಿಹಾಕಲಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಬರೆದಿದ್ದೀರಿ. ಅದಕ್ಕೆ ಮೊದಲು ನಿಮಗೆ ನಮಸ್ಕಾರ. ನಾನು 31 ವರ್ಷ ಗಣಿತ ಕಲಿಸಿದವನು. ಅದರಲ್ಲಿ ಕೊನೆಯ ಹನ್ನೆರಡು ವರ್ಷ ಧಾರವಾಡದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೆ. ಅಂಕದ ವಿಚಾರದಲ್ಲಿ ನನ್ನನ್ನು ಬಹಳ ಜನ ಕೇಳಿದ್ದಾರೆ. ಆದರೆ ಇಷ್ಟು ನೇರವಾದ ಪ್ರಶ್ನೆ ಬಂದದ್ದು ಕಡಿಮೆ.

ನಾನೂ ನೇರವಾಗಿಯೇ ಹೇಳುತ್ತೇನೆ. ಹೌದು, ನಿಮ್ಮ ಪದ್ಧತಿಯಲ್ಲಿ ತಪ್ಪಿದೆ. ನಿಮ್ಮ ಉದ್ದೇಶ ಒಳ್ಳೆಯದೇ. ಅಂಕ ಇನ್ನೂ ನಿಮ್ಮ ಕೈಯಲ್ಲೇ ಇರುವುದರಿಂದ ಸರಿ ಮಾಡುವುದಕ್ಕೆ ಸಮಯವೂ ಇದೆ.

ಆ ಎರಡು ಸಂಖ್ಯೆಗಳನ್ನೇ ನೋಡಿ. ಒಬ್ಬಳಿಗೆ 14, ಇನ್ನೊಬ್ಬಳಿಗೆ 18. ಅಂಕಪಟ್ಟಿ ನೋಡಿದವರು ಯಾರೇ ಆಗಲಿ, ಎರಡನೆಯವಳಿಗೆ ವಿಜ್ಞಾನ ಜಾಸ್ತಿ ಗೊತ್ತು ಎಂದುಕೊಳ್ಳುತ್ತಾರೆ. ನೀವು ಸೇರಿಸಿದ 5 ತೆಗೆದರೆ ಎರಡನೆಯವಳದ್ದು 13. ಅಂದರೆ ವಿಜ್ಞಾನ ಜಾಸ್ತಿ ಗೊತ್ತಿರುವುದು ಮೊದಲನೆಯವಳಿಗೆ. ಅಂಕ ಸುಳ್ಳು ಹೇಳಿತು, ಅಲ್ವಾ? ನೀವು ಸುಳ್ಳು ಬರೆಯಬೇಕೆಂದು ಕೂರಲಿಲ್ಲ. ನಾಲ್ಕು ಬೇರೆ ಬೇರೆ ವಿಷಯಗಳನ್ನು ಒಂದೇ ಸಂಖ್ಯೆಯಲ್ಲಿ ಕಲಸಿಬಿಟ್ಟಿರಿ. ವಿಜ್ಞಾನ ಎಷ್ಟು ತಿಳಿದಿದೆ, ಮನೆಯಲ್ಲಿ ಥರ್ಮೋಕೋಲ್ ತರಲು ದುಡ್ಡಿದೆಯೇ, ಕೈಬರಹ ಚೆಂದವಿದೆಯೇ, ಮನೆಯವರು ಶಾಲೆ ಬಿಡಿಸಿ ಕೆಲಸಕ್ಕೆ ಕರೆದಿದ್ದಾರೆಯೇ, ಈ ನಾಲ್ಕೂ ಸೇರಿ 18 ಆಯಿತು, 14 ಆಯಿತು. ಕಲಸಿದ ಮೇಲೆ ಯಾವುದು ಎಷ್ಟು ಎಂದು ಯಾರಿಗೂ ತಿಳಿಯುವುದಿಲ್ಲ. ತಂದೆಗೂ ತಿಳಿಯಲಿಲ್ಲ. ಅದಕ್ಕೇ ಅವರು ಕೇಳಿದರು.

ಬರೀ ಐದು ಅಂಕ ತಾನೇ ಎಂದು ನಿಮ್ಮ ಸಹೋದ್ಯೋಗಿಗಳು ಹೇಳಬಹುದು. ಲೆಕ್ಕ ಹಾಕೋಣ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕ. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20 ಅಂಕ ಶಾಲೆಯ ಕೈಯಲ್ಲಿರುತ್ತವೆ. 20ರಲ್ಲಿ 5 ಎಂದರೆ ಕಾಲು ಭಾಗ. ನಿಮ್ಮನ್ನು ನೋಡಿ ಆರೂ ವಿಷಯದವರು ಇದೇ ಪದ್ಧತಿ ಹಿಡಿದರೆ 30 ಅಂಕ ಆಯಿತು. ಹುಬ್ಬಳ್ಳಿ-ಧಾರವಾಡದ ಒಳ್ಳೆಯ ಪಿಯು ಕಾಲೇಜಿನಲ್ಲಿ ಸೈನ್ಸ್ ಸೀಟು ಹುಡುಕುವ ಮಗುವಿಗೆ 30 ಅಂಕ ಎಂದರೆ ಏನು ಎಂದು ನಿಮಗೆ ನಾನು ಹೇಳಬೇಕಿಲ್ಲ. ಹೊಲಕ್ಕೆ ಹೋಗುವ ಹುಡುಗಿ ಕಲಿಕೆಯಲ್ಲಿ ಮುಂದಿದ್ದೂ ಸಾಲಿನಲ್ಲಿ ಹಿಂದೆ ನಿಲ್ಲುತ್ತಾಳೆ.

ಈಗ ಮಾಡೆಲ್‌ಗೆ ಬರೋಣ. ನಿಮ್ಮ ಮೂರು ಬೋನಸ್‌ಗಳಲ್ಲಿ ದೊಡ್ಡದು ಇದೇ. ನಾನು ಎಷ್ಟೋ ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೇನೆ. ಪ್ರತಿ ಸಲ ಒಂದಾದರೂ ಜ್ವಾಲಾಮುಖಿ ಇರುತ್ತದೆ. ಮಣ್ಣಿನ ಗುಡ್ಡ, ಮೇಲೆ ಕೆಂಪು ಬಣ್ಣ, ಒಳಗೆ ಅಡುಗೆ ಸೋಡಾ. ವಿನೆಗರ್ ಸುರಿದರೆ ನೊರೆ ಉಕ್ಕುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನೊರೆ ಏಕೆ ಬಂತು ಎಂದು ನಾನು ಕೇಳುತ್ತೇನೆ. ಮಾಡೆಲ್ ತಂದ ಮಗು ಅಪ್ಪನ ಮುಖ ನೋಡುತ್ತದೆ. ಅಪ್ಪನೇ ಮಾಡಿದ್ದು, ಇಲ್ಲವೇ ಅಣ್ಣ ಮಾಡಿದ್ದು, ಇಲ್ಲವೇ ಪೇಟೆಯಿಂದ ತಂದದ್ದು. ಅದಕ್ಕೆ 3 ಅಂಕ ಕೊಟ್ಟರೆ ನಾವು ಅಂಕ ಕೊಟ್ಟದ್ದು ಆ ಮನೆಯ ಬಿಡುವಿಗೆ ಮತ್ತು ದುಡ್ಡಿಗೆ. ಮಗುವಿನ ಕಲಿಕೆಗೆ ಅಲ್ಲ.

ಅದೇ ಪಾಠವನ್ನು ಶಾಲೆಯ ಒಳಗೇ ಮಾಡಿಸಿ ನೋಡಿ. ಆಮ್ಲ, ಪ್ರತ್ಯಾಮ್ಲ ನಿಮ್ಮ ಹತ್ತನೇ ತರಗತಿಯ ಪಾಠವೇ. ಬಿಸಿಯೂಟದ ಅಡುಗೆಮನೆಯಿಂದ ಒಂದು ಚಮಚ ಅರಿಷಿಣ, ಒಂದು ಲಿಂಬೆಹಣ್ಣು ತಗೊಳ್ಳಿ. ತಾಂಬೂಲದ ಸುಣ್ಣ ಯಾರ ಮನೆಯಲ್ಲಾದರೂ ಇರುತ್ತದೆ. ಅರಿಷಿಣದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ಕೆಂಪು ನೀರನ್ನು ನೋಡದ ಮಗು ನಮ್ಮ ಕಡೆ ಇಲ್ಲ. ಅದಕ್ಕೆ ಲಿಂಬೆರಸ ಹಿಂಡುತ್ತಾ ಹೋದರೆ ಮತ್ತೆ ಹಳದಿ. ಈಗ ಮಕ್ಕಳಿಗೆ ಒಂದು ಚೀಟಿ ಕೊಡಿ. ಕೆಂಪು ಏಕೆ ಆಯಿತು, ಹಳದಿ ಏಕೆ ಮರಳಿತು, ಅಡುಗೆ ಸೋಡಾದ ನೀರು ಹಾಕಿದರೆ ಏನಾಗಬಹುದು, ಮೊದಲು ಊಹಿಸಿ ಬರೆಯಿರಿ, ಆಮೇಲೆ ಮಾಡಿ ನೋಡಿ. ಒಂದು ಪಿರಿಯಡ್ ಸಾಕು. ಖರ್ಚು ಹತ್ತಿಪ್ಪತ್ತು ರೂಪಾಯಿ. 46 ಮಕ್ಕಳೂ ಅಲ್ಲೇ ಇರುತ್ತಾರೆ. ಅಪ್ಪ, ಅಣ್ಣ ಯಾರೂ ಇರುವುದಿಲ್ಲ. ಆ ಚೀಟಿಗೆ ಧೈರ್ಯವಾಗಿ ಅಂಕ ಕೊಡಬಹುದು. ಮೆಣಸಿನಕಾಯಿ ಬಿಡಿಸಿ ಕೈ ಉರಿಯುತ್ತಿರುವ ಆ ಹುಡುಗಿಯೂ ಬರೆಯುತ್ತಾಳೆ.

ನೋಟ್ಸ್‌ನ ಒಂದು ಅಂಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೆಂದದ ಅಕ್ಷರ ಒಳ್ಳೆಯದು, ಹೊಗಳಿ. ವಿಜ್ಞಾನದ ಅಂಕದಲ್ಲಿ ಸೇರಿಸಬೇಡಿ.

ಹಾಜರಿಯ ಅಂಕ ನನ್ನನ್ನು ಜಾಸ್ತಿ ನೋಯಿಸುತ್ತದೆ. ಶಾಲೆ ತಪ್ಪಿಸುವುದು ಯಾರು ಎಂದು ಒಮ್ಮೆ ಹಾಜರಿ ಪುಸ್ತಕ ತೆಗೆದು ನೋಡಿ. ಸೋಮಾರಿ ಮಕ್ಕಳು ಒಬ್ಬಿಬ್ಬರು ಸಿಗಬಹುದು. ಉಳಿದವರು? ಗದಗ ಜಿಲ್ಲೆಯ ಹಳ್ಳಿಗಳಲ್ಲಿ ನಾನಿದ್ದಾಗ ಮಳೆ ಕೈಕೊಟ್ಟ ವರ್ಷ ಅಪ್ಪ-ಅವ್ವ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುತ್ತಿದ್ದರು. ಮನೆಯಲ್ಲಿ ಮುದುಕರು, ಸಣ್ಣ ತಮ್ಮ-ತಂಗಿ. ಅವರನ್ನು ನೋಡಿಕೊಳ್ಳಲು ಹದಿನೈದರ ಹುಡುಗಿ. ತಂಗಿಗೆ ಜ್ವರ ಬಂದರೆ ಅಕ್ಕನಿಗೆ ರಜೆ. ಮುಟ್ಟಿನ ದಿನಗಳಲ್ಲಿ ಶಾಲೆಯ ಶೌಚಾಲಯದಲ್ಲಿ ನೀರಿಲ್ಲ ಎಂದು ಮನೆಯಲ್ಲೇ ಉಳಿಯುವ ಹುಡುಗಿಯರು ಬೇರೆ. 'ಒಂದು ದಿನವೂ ತಪ್ಪಿಸದವರಿಗೆ ಅಂಕ' ಎಂದಾಗ ಇವರಿಗೆಲ್ಲ ಆ ಅಂಕ ಮೊದಲ ದಿನವೇ ಮುಚ್ಚಿದ ಬಾಗಿಲು. ಹಾಜರಿ ಬೇಕು, ಬಹಳ ಬೇಕು. ಬರದಿದ್ದರೆ ಮನೆಗೆ ಹೋಗಿ ಕೇಳಿ, ಹೆಡ್‌ಮಾಸ್ತರರಿಗೆ ಹೇಳಿ ನೀರಿನ ವ್ಯವಸ್ಥೆ ಮಾಡಿಸಿ. ಹಾಜರಿಗೆ ಹಾಜರಿ ಪುಸ್ತಕವೇ ಇದೆ. ವಿಜ್ಞಾನದ ಅಂಕದಲ್ಲಿ ಅದನ್ನು ಎರಡನೇ ಸಲ ಬರೆಯುವುದು ಬೇಡ.

ಇದನ್ನೆಲ್ಲ ನಾನು ಹೊರಗೆ ನಿಂತು ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನಾನೂ ಹೀಗೇ ಮಾಡಿದ್ದೆ. ಒಬ್ಬ ಹುಡುಗ ಇದ್ದ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಕೋಣೆ ಗುಡಿಸುತ್ತಿದ್ದ, ಬೋರ್ಡು ಒರೆಸುತ್ತಿದ್ದ, ನನಗೆ ಕುಡಿಯಲು ನೀರು ತಂದಿಡುತ್ತಿದ್ದ. ಬಡವರ ಹುಡುಗ, ಒಳ್ಳೆಯ ಹುಡುಗ. ಬೀಜಗಣಿತ ಅವನಿಗೆ ಹತ್ತುತ್ತಿರಲಿಲ್ಲ. ನಾನು ಪ್ರತಿ ಕಿರುಪರೀಕ್ಷೆಯಲ್ಲೂ ನಾಲ್ಕೈದು ಅಂಕ ಸೇರಿಸುತ್ತಾ ಬಂದೆ. ಅದನ್ನು ಪ್ರೀತಿ ಎಂದುಕೊಂಡಿದ್ದೆ. ಅಂಕ ನೋಡಿ ಅವನಿಗೂ ಅವನ ಅವ್ವನಿಗೂ ಎಲ್ಲ ಸರಿಯಿದೆ ಅನ್ನಿಸಿತು. ನನಗೂ ಅನ್ನಿಸಿತು. ಅದೇ ದೊಡ್ಡ ತಪ್ಪು. ಅಂಕ ಕಡಿಮೆ ಕಂಡಿದ್ದರೆ ನಾನು ಅವನನ್ನು ಸಂಜೆ ಕೂರಿಸಿ ಸಮೀಕರಣ ಬಿಡಿಸುವುದು ಕಲಿಸುತ್ತಿದ್ದೆ. ಅಂಕ ಚೆನ್ನಾಗಿದ್ದುದರಿಂದ ಕಲಿಸಲಿಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಅವನು ಗಣಿತದಲ್ಲಿ ನಪಾಸಾದ. ಆಮೇಲೆ ಶಾಲೆಯ ಕಡೆ ಬರಲಿಲ್ಲ. ನಾನು ಕೊಟ್ಟ ಆ ನಾಲ್ಕೈದು ಅಂಕ ಅವನ ಕಷ್ಟವನ್ನು ನನ್ನ ಕಣ್ಣಿಂದಲೇ ಮುಚ್ಚಿದವು. ಮೂವತ್ತು ವರ್ಷವಾಗುತ್ತಾ ಬಂತು, ಅವನ ಮುಖ ಮರೆತಿಲ್ಲ.

ಹಾಗಾಗಿ ಹೆಚ್ಚುವರಿ ಅಂಕ ಪಡೆಯದವರಿಗೆ ಮಾತ್ರ ನಷ್ಟ ಎಂದು ತಿಳಿಯಬೇಡಿ. ಪಡೆದವರಿಗೂ ನಷ್ಟವೇ. ನಿಮ್ಮ ಆ 18ರ ಹುಡುಗಿಗೆ ನಿಜವಾಗಿ 13 ಮಾತ್ರ ಬರುತ್ತದೆ ಎಂದರೆ ಅವಳಿಗೆ ಎಲ್ಲೋ ಏನೋ ತಿಳಿದಿಲ್ಲ. ಅದನ್ನು ಈಗ ಹುಡುಕಬೇಕು. ಲಿಖಿತ ಪರೀಕ್ಷೆಯ 80 ಅಂಕದ ಮುಂದೆ ಅವಳು ಕೂತಾಗ ನಿಮ್ಮ 5 ಅವಳ ಜೊತೆ ಬರುವುದಿಲ್ಲ.

2024ರ ಎಸ್ಸೆಸ್ಸೆಲ್ಸಿ ನಿಮಗೆ ನೆನಪಿರಬೇಕು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷ. ನಕಲು ನಿಂತಿತು, ಫಲಿತಾಂಶ ಕುಸಿಯುವುದು ಕಂಡಿತು. ಆಗ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದರು, ಅದನ್ನು ಪಡೆಯಲು ಬೇಕಾದ ಅರ್ಹತೆಯನ್ನು ಶೇ 35ರಿಂದ ಶೇ 25ಕ್ಕೆ ಇಳಿಸಿದರು. ಇಷ್ಟೆಲ್ಲ ಆದ ಮೇಲೂ ಫಲಿತಾಂಶ ಶೇ 73.40. ಹಿಂದಿನ ವರ್ಷ ಶೇ 83.89 ಇತ್ತು. ಆ ಕೃಪಾಂಕದ ಬಗ್ಗೆ ರಾಜ್ಯವೆಲ್ಲ ಚರ್ಚೆ ಆಯಿತು. ಆ ಮಕ್ಕಳ ಮೇಲೆ ನನಗೆ ಬೇಸರವಿಲ್ಲ. ಎಂಟನೇ, ಒಂಬತ್ತನೇ ತರಗತಿಯಲ್ಲಿ ನಾವು ಕೊಟ್ಟ ಅಂಕಗಳು ಅವರ ನಿಜಸ್ಥಿತಿ ಹೇಳಿದ್ದರೆ, ಕಲಿಸಲು ಎರಡು ವರ್ಷ ಸಿಗುತ್ತಿತ್ತು. ಕೊನೆಯ ದಿನ ಕೃಪೆ ತೋರಿಸುವ ಹೊತ್ತಿಗೆ ಆ ಎರಡು ವರ್ಷ ಕಳೆದುಹೋಗಿತ್ತು.

ಹುರುಪು ಬರಲಿ ಎಂದು ಶುರು ಮಾಡಿದೆ ಎಂದಿರಿ. ಅದರ ಬಗ್ಗೆಯೂ ಹೇಳಬೇಕು. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವರ ಜೊತೆಗಾರರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಣ್ಣದ ಪೆನ್ನುಗಳಲ್ಲಿ ಚಿತ್ರ ಬಿಡಿಸುವುದು ಇಷ್ಟವಿರುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ 'ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ' ಎಂದು ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಏನೂ ಹೇಳದೆ ಆಮೇಲೆ ಕೊಟ್ಟರು. ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನದ ಮಾತು ಕೇಳಿ ಚಿತ್ರ ಬಿಡಿಸಿದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಆ ಪೆನ್ನು ಮುಟ್ಟಿದರು. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಕೂಲಿ ಕೆಲಸ ಆಗಿಹೋಗಿತ್ತು. ನಿಮ್ಮ ತರಗತಿಯಲ್ಲೂ ಈಗ ಯಾವ ಹೊಸ ಕೆಲಸ ಹೇಳಿದರೂ 'ಇದಕ್ಕೆ ಎಷ್ಟು ಮಾರ್ಕ್ಸ್ ಟೀಚರ್?' ಎಂಬ ಪ್ರಶ್ನೆ ಮೊದಲು ಬರುತ್ತಿರಬಹುದು. ಅದನ್ನು ಕಲಿಸಿದವರು ನಾವೇ.

ಹಾಗಾದರೆ ಹುರುಪು ಹೇಗೆ ಬರುತ್ತದೆ? ನನ್ನ ಅನುಭವದಲ್ಲಿ ಉತ್ತರ ಪತ್ರಿಕೆಯ ಮೇಲೆ ಬರೆದ ಎರಡು ಸಾಲಿನಿಂದ. 'ಚೆನ್ನಾಗಿದೆ', 'ಸುಧಾರಿಸಬೇಕು' ಎಂಬ ಸಾಲುಗಳಲ್ಲ. 'ಸಮೀಕರಣ ಸರಿಯಾಗಿ ಬರೆದಿದ್ದೀಯ, ಸರಿದೂಗಿಸುವಾಗ ಆಕ್ಸಿಜನ್ ಎಣಿಸಲು ಮರೆತೆ, ಮೂರನೆಯದನ್ನು ಇನ್ನೊಮ್ಮೆ ಮಾಡಿ ನನಗೆ ತೋರಿಸು' ಎಂಬಂಥ ಸಾಲು. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಇಸ್ರೇಲಿನ ಶಾಲಾ ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿದ್ದರು. ಬರೀ ಇಂಥ ಮಾತು ಬರೆಸಿಕೊಂಡ ಮಕ್ಕಳ ಆಸಕ್ತಿಯೂ ಕೆಲಸವೂ ಚೆನ್ನಾಗಿತ್ತು. ಬರೀ ಅಂಕ ಪಡೆದವರಲ್ಲಿ ಹಾಗೆ ಆಗಲಿಲ್ಲ. ಮಾತಿನ ಜೊತೆಗೆ ಅಂಕವನ್ನೂ ಕೊಟ್ಟಾಗಲೂ ಆಗಲಿಲ್ಲ. ಅಂಕ ಕಂಡ ಕೂಡಲೇ ಮಗು ಅಂಕವನ್ನೇ ನೋಡುತ್ತದೆ. ಹಾಗಾಗಿ ನಾನು ಮಾಡುತ್ತಿದ್ದ ಒಂದು ಕೆಲಸ ನಿಮಗೂ ಹೇಳುತ್ತೇನೆ. ಕಿರುಪರೀಕ್ಷೆಯ ಪತ್ರಿಕೆಯನ್ನು ಮೊದಲ ದಿನ ಮಾತು ಮಾತ್ರ ಬರೆದು ಕೊಡಿ. ಮಕ್ಕಳು ತಪ್ಪು ತಿದ್ದಿ ತರಲಿ. ಅಂಕವನ್ನು ಎರಡು ದಿನ ಬಿಟ್ಟು ಹೇಳಿ. 46 ಪತ್ರಿಕೆಗೆ ಎರಡೆರಡು ಸಾಲು ಬರೆಯುವುದು ಕಷ್ಟ, ಗೊತ್ತು. ಎಲ್ಲ ಪರೀಕ್ಷೆಗೂ ಬೇಡ. ತಿಂಗಳಿಗೆ ಒಂದಕ್ಕೆ ಮಾಡಿದರೂ ವ್ಯತ್ಯಾಸ ಕಾಣುತ್ತದೆ.

ಇಲ್ಲಿ ಒಂದು ಮಾತು ಬರುತ್ತದೆ. ಕೆಲವು ಮಕ್ಕಳಿಗೆ ಬರೆಯಲು ಬರುವುದಿಲ್ಲ, ಮಾಡಲು ಬರುತ್ತದೆ, ಮಾಡೆಲ್ ತೆಗೆದುಹಾಕಿದರೆ ಅವರ ಗತಿ ಏನು? ಇದು ಬಹಳ ಸರಿಯಾದ ಪ್ರಶ್ನೆ. ನನ್ನ ತರಗತಿಯಲ್ಲೇ ಒಬ್ಬ ಹುಡುಗ ಇದ್ದ. ಪತ್ರಿಕೆಯಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯುತ್ತಿರಲಿಲ್ಲ. ಆದರೆ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೆ ಬಿಚ್ಚಿ ಸರಿ ಮಾಡುತ್ತಿದ್ದ. ಅಂಥವನನ್ನು ವಿದ್ಯುಚ್ಛಕ್ತಿಯ ಪಾಠದಲ್ಲಿ ಬರೀ ಬರವಣಿಗೆಯಿಂದ ಅಳೆದರೆ ಅದೂ ಅನ್ಯಾಯ. ಅವನಿಗೆ ಬಲ್ಬು, ತಂತಿ, ಸೆಲ್ ಕೊಟ್ಟು ಜೋಡಿಸಲು ಹೇಳಿ. ಗಣಪತಿ ಹಬ್ಬದ ಹಳೇ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬು ಹೋದರೆ ಸಾಲಿಗೆ ಸಾಲೇ ಆರುತ್ತಿತ್ತಲ್ಲ, ಮನೆಯಲ್ಲಿ ಅಡುಗೆಮನೆಯ ಬಲ್ಬು ಹೋದರೆ ಪಡಸಾಲೆಯದು ಏಕೆ ಆರುವುದಿಲ್ಲ ಎಂದು ಕೇಳಿ. ಅವನು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಿ. ಅದಕ್ಕೆ ಅದೇ ಪಾಠದ ಅಂಕ ಕೊಡಿ. ಇದು ಹೆಚ್ಚುವರಿ ಅಂಕ ಆಗುವುದಿಲ್ಲ. ಅದೇ ಅಂಕವನ್ನು ಪಡೆಯಲು ಇನ್ನೊಂದು ದಾರಿ, ಅಷ್ಟೇ. ನಾನು ಇದನ್ನು ಎಲ್ಲ ತರಬೇತಿಗಳಲ್ಲೂ ಒತ್ತಿ ಹೇಳುತ್ತಿದ್ದೆ. ಮಗುವಿಗೆ ದಾರಿ ಎಷ್ಟು ಬೇಕಾದರೂ ಕೊಡಿ, ಕೊನೆಗೆ ನೋಡುವುದು ಪಾಠ ತಿಳಿದಿದೆಯೇ ಎಂಬುದನ್ನೇ. ಆಂತರಿಕ ಅಂಕ ಶಾಲೆಯ ಕೈಯಲ್ಲಿದ್ದರೆ ಸಿಗುವ ನಿಜವಾದ ಲಾಭ ಇದೇ. ಮೂರು ಗಂಟೆಯ ಲಿಖಿತ ಪರೀಕ್ಷೆಗೆ ಕಾಣದ್ದನ್ನು ನೀವು ಕಾಣಬಹುದು.

ಆದರೆ ನಮ್ಮ ಕಣ್ಣನ್ನೂ ಪೂರ್ತಿ ನಂಬಬಾರದು. 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು 142 ಶಿಕ್ಷಕರಿಂದ ತಿದ್ದಿಸಿದರು. 100ಕ್ಕೆ ಒಬ್ಬರು 64 ಕೊಟ್ಟರು, ಇನ್ನೊಬ್ಬರು 98. ಭಾಷೆಯ ಪತ್ರಿಕೆ, ಹೀಗಾಗುತ್ತದೆ ಎಂದು ಜನ ಹೇಳಿದರು. ಮರುವರ್ಷ ರೇಖಾಗಣಿತದ ಪತ್ರಿಕೆ ತಿದ್ದಿಸಿದರು. ಅದರಲ್ಲಿ ಅಂಕ 28ರಿಂದ 95ರವರೆಗೆ ಹರಡಿತ್ತು. ಗಣಿತದ ಮಾಸ್ತರನಾಗಿ ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಯಾರೂ ಬೇಕೆಂದು ಅನ್ಯಾಯ ಮಾಡಿರಲಿಲ್ಲ. ಒಬ್ಬರು ಹಂತಗಳಿಗೆ ಅಂಕ ಕೊಟ್ಟರು, ಇನ್ನೊಬ್ಬರು ಉತ್ತರಕ್ಕೆ ಮಾತ್ರ, ಮತ್ತೊಬ್ಬರು ಗೀಚಿದ ಚಿತ್ರಕ್ಕೆ ಅಂಕ ಕಳೆದರು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗ ನಮಗೆ ಮಾದರಿ ಉತ್ತರ ಕೊಡುತ್ತಾರೆ, ಯಾವ ಹಂತಕ್ಕೆ ಎಷ್ಟು ಎಂದು ಮೊದಲೇ ಹೇಳುತ್ತಾರೆ. ಶಾಲೆಯ ಕಿರುಪರೀಕ್ಷೆಗೆ ಮಾತ್ರ ನಾವು ಅದನ್ನು ಮರೆಯುತ್ತೇವೆ. ಪತ್ರಿಕೆ ತಿದ್ದುವ ಮೊದಲು ಅರ್ಧ ಹಾಳೆಯ ಮೇಲೆ ಹಂತ ಹಂತದ ಅಂಕ ಬರೆದಿಟ್ಟುಕೊಳ್ಳಿ. ಹೆಸರಿರುವ ಮೊದಲ ಪುಟವನ್ನು ಮಡಚಿಟ್ಟು ತಿದ್ದಿ. ಒಂದು ಮಗುವಿನ ಇಡೀ ಪತ್ರಿಕೆ ಮುಗಿಸುವ ಬದಲು ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯದು ಎಂದು ತಿದ್ದಿದರೆ ಅಳತೆ ಒಂದೇ ಆಗಿ ಉಳಿಯುತ್ತದೆ. ಪಕ್ಕದೂರಿನ ವಿಜ್ಞಾನ ಶಿಕ್ಷಕರ ಜೊತೆ ವರ್ಷಕ್ಕೊಮ್ಮೆ ಹತ್ತು ಪತ್ರಿಕೆ ಅದಲುಬದಲು ಮಾಡಿಕೊಂಡು ತಿದ್ದಿ ನೋಡಿ. ಬಹಳ ಕಲಿಯುತ್ತೀರಿ.

ಇನ್ನೊಂದು ವಿಷಯ. ಆ ಹುಡುಗಿ ಬರದ ನಾಲ್ಕು ದಿನಗಳಲ್ಲಿ ಕಿರುಪರೀಕ್ಷೆ ಏನಾದರೂ ನಡೆದಿತ್ತಾ, ಅದರಲ್ಲಿ ಅವಳಿಗೆ ಸೊನ್ನೆ ಹಾಕಿದ್ದೀರಾ ಎಂದು ನೋಡಿ. ನೀವು ಬರೆದಿಲ್ಲ, ಆದರೆ ನನಗೆ ಅನುಮಾನ. ಹತ್ತು ಅಂಕದ ನಾಲ್ಕು ಪರೀಕ್ಷೆಗಳಲ್ಲಿ ಒಂದು ಮಗುವಿಗೆ 8, 9, 8 ಬಂದು, ಬರದ ದಿನಕ್ಕೆ 0 ಹಾಕಿದರೆ ಸರಾಸರಿ 6.25. ಬರೆದ ಮೂರರ ಸರಾಸರಿ 8.33. ಆ ಸೊನ್ನೆ 'ಇವಳಿಗೆ ಏನೂ ಗೊತ್ತಿಲ್ಲ' ಎನ್ನುತ್ತದೆ. ನಡೆದದ್ದು ಇಷ್ಟೇ, ಅವಳು ಅಂದು ಬರಲಿಲ್ಲ. ಬರದವರಿಗೆ ಆ ಪರೀಕ್ಷೆಯನ್ನು ಬೇರೆ ದಿನ ಬರೆಸಿ.

ಈಗ ಏನು ಮಾಡಲಿ ಎಂದು ಕೇಳಿದಿರಿ. ಈಗಾಗಲೇ ಮಕ್ಕಳಿಗೆ ಮಾತು ಕೊಟ್ಟಿದ್ದೀರಿ. ಅವರು ಅದನ್ನು ನಂಬಿ ಕೆಲಸ ಮಾಡಿದ್ದಾರೆ. ಒಂದು ದಿನ ಇದ್ದಕ್ಕಿದ್ದಂತೆ ಅಂಕ ಕಿತ್ತುಕೊಂಡರೆ ಅದು ಎರಡನೇ ತಪ್ಪು. ಅದಕ್ಕೆ ನಾನು ಹೇಳುವುದು, ತರಗತಿಯಲ್ಲಿ ಎಲ್ಲರ ಮುಂದೆ ಇದ್ದದ್ದು ಇದ್ದಂತೆ ಹೇಳಿ. 'ನಾನು ಒಂದು ನಿಯಮ ಮಾಡಿದ್ದೆ, ಅದು ಎಲ್ಲರಿಗೂ ಸಮ ಇರಲಿಲ್ಲ, ಸರಿ ಮಾಡುತ್ತಿದ್ದೇನೆ' ಎಂದು ಹೇಳಿ. ಹದಿನೈದರ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ದೊಡ್ಡವರು ತಪ್ಪು ಒಪ್ಪಿಕೊಳ್ಳುವುದನ್ನು ನೋಡಿದರೆ ನಿಮ್ಮ ಮೇಲಿನ ಗೌರವ ಕಡಿಮೆಯಾಗುವುದಿಲ್ಲ.

ಆಮೇಲೆ ಆ ಐದು ಅಂಕದ ಜಾಗದಲ್ಲಿ ಐದು ಅಂಕದ ಒಂದು ಕೆಲಸ ಇಡಿ. ಅರಿಷಿಣ-ಸುಣ್ಣದ ಪ್ರಯೋಗದಂಥದ್ದೇ ಸಾಕು. ಶಾಲಾ ಸಮಯದಲ್ಲಿ, ಎಲ್ಲ 46 ಮಕ್ಕಳಿಗೂ. ಮಾಡೆಲ್ ತಂದ ಮಗು ಇಷ್ಟವಿದ್ದರೆ ತನ್ನ ಮಾಡೆಲ್ ಮೇಲೆಯೇ ಉತ್ತರ ಹೇಳಲಿ. ಏಕೆ ಹೀಗಾಗುತ್ತದೆ, ಇದನ್ನು ತೆಗೆದರೆ ಏನಾಗುತ್ತದೆ ಎಂದು ನೀವು ಕೇಳಿ. ನಿಜವಾಗಿ ತಾನೇ ಮಾಡಿದ ಮಗು ಚಕಚಕನೆ ಹೇಳುತ್ತದೆ, ಅದರ ಅಂಕ ಅದಕ್ಕೇ ಉಳಿಯುತ್ತದೆ. ಪೇಟೆಯಿಂದ ತಂದವನಿಗೂ ಕಲಿಯಲು ಇನ್ನೊಂದು ಅವಕಾಶ ಸಿಗುತ್ತದೆ. ಯಾವುದಕ್ಕೆ ಎಷ್ಟು ಅಂಕ ಎಂದು ಬೋರ್ಡಿನ ಮೇಲೆ ಮೊದಲೇ ಬರೆದುಬಿಡಿ. ಕಡಿಮೆ ಬಂದವರಿಗೆ ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಲು ಬಿಡಿ. ಎರಡನೇ ಸಲ ಚೆನ್ನಾಗಿ ಮಾಡಿದರೆ ಎರಡನೆಯದನ್ನೇ ತಗೊಳ್ಳಿ. ತಡವಾಗಿ ಕಲಿತರೂ ಕಲಿತಂತೆಯೇ. ಅಂಕ ಬದಲಿಸುವ ಮೊದಲು ಹೆಡ್‌ಮಾಸ್ತರರಿಗೆ ಎಲ್ಲ ತಿಳಿಸಿ, ಹಳೆಯ ಪಟ್ಟಿ, ಹೊಸ ಪಟ್ಟಿ, ಮಕ್ಕಳ ಚೀಟಿ ಮೂರನ್ನೂ ಕಡತದಲ್ಲಿ ಇಡಿ. ಜಿಲ್ಲೆಯ ಫಲಿತಾಂಶದ ಒತ್ತಡ ಅವರ ತಲೆಯ ಮೇಲೂ ಇದೆ. ಆಂತರಿಕ ಅಂಕ ಕಡಿಮೆ ಮಾಡಬೇಡಿ ಎಂದು ಅವರು ಹೇಳಬಹುದು. ಮಕ್ಕಳು ಮತ್ತೊಮ್ಮೆ ಕಲಿತು ಅದೇ ಅಂಕ ಗಳಿಸುತ್ತಾರೆ ಎಂದು ವಿವರಿಸಿ.

ಮಾಡೆಲ್, ಅಚ್ಚುಕಟ್ಟು ನೋಟ್ಸ್, ಹಾಜರಿ ಇವುಗಳಿಗೆ ಏನೂ ಇಲ್ಲವೇ ಎಂದರೆ, ಇದೆ. ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಹೆಸರು ಹೇಳಿ. ಮಾಡೆಲ್‌ಗಳನ್ನು ಗೋಡೆ ಬದಿಗೆ ಇಟ್ಟು ಎಂಟನೇ ತರಗತಿಯ ಮಕ್ಕಳಿಗೆ ತೋರಿಸಲು ಹೇಳಿ. ಚಿಕ್ಕವರಿಗೆ ವಿವರಿಸುವಾಗ ಆ ಮಕ್ಕಳ ಮುಖ ನೋಡಿ ನೀವು.

ಆ ತಂದೆಯನ್ನು ಮತ್ತೆ ಕರೆಸಬೇಡಿ, ಹಂಗಾಮಿನಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ಸಾಧ್ಯವಾದರೆ ನೀವೇ ಸಂಜೆ ಅವರ ಮನೆಗೆ ಹೋಗಿ. 'ನೀವು ಕೇಳಿದ್ದು ಸರಿ ಇತ್ತು, ನಿಮ್ಮ ಮಗಳಿಗೆ ವಿಜ್ಞಾನ ಚೆನ್ನಾಗಿ ತಿಳಿದಿದೆ, ಅಂಕ ಸರಿ ಮಾಡುತ್ತಿದ್ದೇನೆ' ಎಂದು ಹೇಳಿ. ಅದೇ ಮಾತಿನಲ್ಲಿ ಇನ್ನೊಂದನ್ನೂ ಕೇಳಿ. ಪರೀಕ್ಷೆಗೆ ಇನ್ನು ಉಳಿದಿರುವುದು ಕೆಲವೇ ವಾರ. ಅಲ್ಲಿಯವರೆಗೆ ಅವಳನ್ನು ಹೊಲಕ್ಕೆ ಕಳಿಸದೆ ಓದಲು ಬಿಡಿ ಎಂದು ಕೇಳಿ. ಪೂರ್ತಿ ಆಗುವುದಿಲ್ಲ ಎಂದರೆ ವಾರಕ್ಕೆ ನಾಲ್ಕು ಸಂಜೆಯಾದರೂ ಬಿಡಿಸಿಕೊಳ್ಳಿ. ಮಗಳಿಗಾಗಿ ಶಾಲೆಯವರೆಗೆ ಬಂದು ಕೇಳಿದ ತಂದೆ, ಇದಕ್ಕೆ ಒಪ್ಪಬಹುದು ಎಂದು ನನಗೆ ಅನ್ನಿಸುತ್ತದೆ. ಅವಳು ತಪ್ಪಿಸಿಕೊಂಡ ನಾಲ್ಕು ದಿನದ ಪಾಠವನ್ನು ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಕೂರಿಸಿ ಹೇಳಿಕೊಡಿ. ಪಕ್ಕದ ಹುಡುಗಿಯನ್ನೂ ಜೊತೆಗೆ ಕೂರಿಸಿ. ಅವಳಿಗೂ ಅದು ಬೇಕಾಗಿದೆ.